ಇಲಿಯ ವೈರಿಯಾದ ಕಪ್ಪು ಹೆಗಲಿನ ಹದ್ದು

ಕಡೂರು ತಾಲ್ಲೂಕಿಗೆ ಸೇರಿದ ಎಮ್ಮೆದೊಡ್ಡಿಯ ಸೀಮೆಯು ಬಾಬಾಬುಡನ್ ಗಿರಿಗಳ ಮೂಡಣ ಮಗ್ಗುಲಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಪ್ರದೇಶವಾಗಿದೆ. ಊರ ಹೆಸರಿನಲ್ಲಿರುವ ‘ದೊಡ್ಡಿ’ ಎಂಬ ಮಾತೇ ಇದು ದನಕರುಗಳ ನಾಡೆಂಬುದನ್ನು ತಿಳಿಸುತ್ತದೆ. ರಾಗಿಯ ಹೊಲ, ತೆಂಗಿನ ತೋಟ, ಕುರುಚಲು ಕಾಡು, ಹುಲ್ಲು ಬೆಳೆಯುವ ಕಾವಲು ಇವೆಲ್ಲವೂ ಇಲ್ಲಿ ಒಂದರ ಪಕ್ಕಕ್ಕೆ ಒಂದಿರುವುವು. ಇಂತಹ ಬಯಲಿನಲ್ಲಿ ಬದುವಿನ ಜಾಲಿಯ ತುದಿಯ ಮೇಲೋ ವಿದ್ಯುತ್ ತಂತಿಯ ಮೇಲೋ, ಕಾಗೆಗಿಂತ ತುಸು ಚಿಕ್ಕದಾಗಿ ದೂರಕ್ಕೆ ಬೆಳ್ಳಗೆ ಕಾಣುವ ಹಕ್ಕಿಯೊಂದು ಒಂಟಿಯಾಗಿ ಕುಳಿತಿರುವುದನ್ನು ಬೇಸಾಯಗಾರರೆಲ್ಲರೂ ಕಂಡಿರುತ್ತಾರೆ. ಆದರೆ ಅದು ಯಾವ ಹಕ್ಕಿ, ಅದರ ಆಹಾರವೇನು ಎಂದು ವಿಚಾರಿಸಿದಲ್ಲಿ “ಯಾವುದೋ ಹದ್ದು” ಎಂಬ ಉತ್ತರವೇ ಸಾಧಾರಣವಾಗಿ ದೊರೆಯುವುದು.

ಈ ಅಸಡ್ಡೆಯಿಂದ ಆಗುವ ನಷ್ಟವು ಸಣ್ಣದಲ್ಲ. ಹಳ್ಳಿಯಲ್ಲಿ ಕೋಳಿಮರಿಯೊಂದು ಕಾಣೆಯಾದರೆ ಕೊಕ್ಕು ಬಾಗಿದ ಹಕ್ಕಿಗಳೆಲ್ಲವೂ ಅಪರಾಧಿಗಳಾಗುವುವು. ಹುಡುಗರು ಕವಣೆ ಹಿಡಿದು ಹೊರಡುವರು. ಮರ ಹತ್ತಬಲ್ಲವರು ಗೂಡು ಕೀಳುವರು. ಊರೊಳಗೆ ಮರಿ ಕದ್ದ ಹಕ್ಕಿಯು ಜಾಣತನದಿಂದ ತಪ್ಪಿಸಿಕೊಂಡಿರುತ್ತದೆ. ಹೊಲದ ನಡುವೆ ಬಯಲಾಗಿ ಕುಳಿತು, ಮನುಷ್ಯರ ಕಡೆಗೆ ಅಷ್ಟಾಗಿ ಅಂಜದೆ ಇರುವ ಬಿಳಿಯ ಹದ್ದಿಗೆ ಏಟು ಬೀಳುವುದು. ರಾಗಿಯ ತೆನೆಯನ್ನು ಕತ್ತರಿಸಿ ಬಿಲಕ್ಕೆ ಸಾಗಿಸುವ ಇಲಿಗಳನ್ನು ಹಗಲೆಲ್ಲ ಹಿಡಿದು ತಿನ್ನುವ ಹಕ್ಕಿ ಅದೇ. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಇತರ ಹಕ್ಕಿಗಳಿಂದ ಬೇರ್ಪಡಿಸಿ ಗುರುತಿಸಲು ಕಲಿಯುವುದು ಅವಶ್ಯವಾಗಿದೆ.

ಇದನ್ನು ಕನ್ನಡದಲ್ಲಿ ಕಪ್ಪು ಹೆಗಲಿನ ಹದ್ದು ಅಥವಾ ಕಪ್ಪು ರೆಕ್ಕೆಯ ಹದ್ದು ಎಂದು ಕರೆಯಬಹುದು. ಹಿಂದಿಯವರು ಇದಕ್ಕೆ ‘ಕಪಾಸಿ’ ಎನ್ನುತ್ತಾರೆ; ಹತ್ತಿಯ ಬಣ್ಣದ್ದು ಎಂಬ ಅರ್ಥದ ಆ ಹೆಸರು ಬಹಳ ಚೆನ್ನಾಗಿ ಒಪ್ಪುತ್ತದೆ. ಶಾಸ್ತ್ರಜ್ಞರಿಗೆ ಈ ಹಕ್ಕಿಯನ್ನು ಮೊದಲು ವರ್ಣಿಸಿ ತಿಳಿಸಿದವನು ಫ್ರೆಂಚ್ ವಿದ್ವಾಂಸನಾದ ದೆಫೊಂತೇನ್. ಅದು ೧೭೮೯ರಲ್ಲಿ, ಆಫ್ರಿಕಾದ ಉತ್ತರ ತೀರದ ಆಲ್ಜಿಯರ್ಸ್ ಕಡೆಯ ಹಕ್ಕಿಯನ್ನು ಕಂಡು. ಆಫ್ರಿಕಾದಲ್ಲಿಯೂ, ನಮ್ಮ ದೇಶದಲ್ಲಿಯೂ, ಇನ್ನೂ ಮೂಡಲ ದೇಶಗಳಲ್ಲಿಯೂ ಇದು ನೆಲೆಸಿದೆ. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಇದರ ಸಂಖ್ಯೆ ಹೆಚ್ಚಿತು; ಅಲ್ಲಿ ಮರಗಳ ನಡುವಣ ಬಯಲಿನಲ್ಲಿ ಧಾನ್ಯದ ಸಾಗುವಳಿ ಹಬ್ಬಿದ್ದು ಇದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ನೇಗಿಲನ್ನು ಕಂಡು ಓಡಿಹೋಗುವ ಹಕ್ಕಿಗಳು ಅನೇಕವುಂಟು. ಇದು ನೇಗಿಲಿನ ಹಿಂದೆ ಬರುವ ಹಕ್ಕಿ.

ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಇದರ ಉದ್ದ ೧೨ರಿಂದ ೧೪ ಅಂಗುಲ. ತೂಕ ಸುಮಾರು ಕಾಲು ಕಿಲೋಗ್ರಾಂ. ಬೆನ್ನು ಬೂದಿಯ ಬಣ್ಣ. ತಲೆ, ಎದೆ, ಹೊಟ್ಟೆ, ಬಾಲ ಬಹುಮಟ್ಟಿಗೆ ಬಿಳುಪು. ಕುಳಿತಾಗ ಎರಡು ಹೆಗಲಿನ ಮೇಲೂ ಮಸಿ ಬಳಿದಂತೆ ಒಂದೊಂದು ಕಪ್ಪು ಪಟ್ಟೆ ಎದ್ದು ಕಾಣುವುದು. ಇದೇ ಮುಖ್ಯ ಗುರುತು. ಹಾರುವಾಗ ಕೆಳಗಿನಿಂದ ನೋಡಿದರೆ ರೆಕ್ಕೆಗಳ ತುದಿ ಕಪ್ಪಾಗಿರುತ್ತದೆ. ಕಣ್ಣು ಕೆಂಡದಂತೆ ಕೆಂಪು. ಅದರ ಸುತ್ತ ಕಾಡಿಗೆ ತೀಡಿದಂತಹ ಕಪ್ಪು ಗೆರೆ. ಕಾಲುಗಳು ಹಳದಿ. ಬಾಲ ಗಿಡ್ಡ, ಕುಳಿತಿರುವಾಗ ಮಡಿಸಿದ ರೆಕ್ಕೆಗಳ ತುದಿಯು ಬಾಲವನ್ನು ದಾಟಿ ಹೋಗುತ್ತದೆ. ಕಣ್ಣುಗಳು ಗೂಬೆಯವುಗಳಂತೆ ಸ್ವಲ್ಪ ಮುಂದಕ್ಕೆ ತಿರುಗಿರುವುದರಿಂದ ಎದುರಿನಿಂದ ನೋಡಿದವರಿಗೆ ಹದ್ದಿನ ಮೈಯಲ್ಲಿ ಗೂಬೆಯ ಮುಖವಿಟ್ಟಂತೆ ತೋರುವುದು. ಗಂಡಿಗೂ ಹೆಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಎಳೆಯ ಹಕ್ಕಿಗಳ ಬೆನ್ನಿನ ಮೇಲೆ ಕಂದು ಛಾಯೆಯೂ ಗರಿಗಳಿಗೆ ಬಿಳಿಯ ಅಂಚೂ ಇದ್ದು, ಮೀನಿನ ಹುರುಪೆಯಂತೆ ಕಾಣುವುದು. ಅವುಗಳ ಕಣ್ಣು ಇನ್ನೂ ಕೆಂಪೇರಿರುವುದಿಲ್ಲ. ಇವನ್ನು ಬೇರೊಂದು ಜಾತಿಯೆಂದು ಭಾವಿಸಬಾರದು.

ಬಣ್ಣ ಕಾಣದಷ್ಟು ದೂರವಿದ್ದರೂ ನಡತೆಯಿಂದ ಇದನ್ನು ಹೇಳಬಹುದು. ತಂತಿಯ ಮೇಲೆ ಕುಳಿತಾಗ ಬಾಲವನ್ನು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಆಡಿಸುವ ಅಭ್ಯಾಸ ಇದಕ್ಕುಂಟು. ಬೇಟೆಗೆ ಹೊರಟಾಗ ಹೊಲದ ಮೇಲೆ ತುಸು ದೂರ ಹಾರಿ, ನೆಲದಲ್ಲಿ ಏನೋ ಅಲುಗಾಡಿದ್ದು ಕಂಡೊಡನೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತುಬಿಡುವುದು. ಬಳಿಕ ಮೆಟ್ಟಿಲು ಇಳಿದಂತೆ ಸ್ವಲ್ಪ ಇಳಿದು ಮತ್ತೆ ನಿಲ್ಲುವುದು. ಇನ್ನೂ ಸ್ವಲ್ಪ ಇಳಿಯುವುದು. ಕಡೆಗೆ ರೆಕ್ಕೆಗಳನ್ನು ಮೇಲಕ್ಕೆತ್ತಿ ಕಾಲು ಮುಂದೆ ಮಾಡಿ ಹುಲ್ಲಿನೊಳಕ್ಕೆ ಬೀಳುವುದು. ಗುರಿ ತಪ್ಪಿದರೆ ಗೊಣಗದೆ ಎದ್ದು ಮೊದಲಿನ ಕಂಬಕ್ಕೇ ಹಿಂದಿರುಗುವುದು. ಬೆಳಗಿನ ಹೊತ್ತು ಮತ್ತು ಹೊತ್ತಿಳಿದ ಮೇಲೆ ಮಬ್ಬುಗತ್ತಲಾಗುವವರೆಗೆ ಇದರ ಬೇಟೆ ಹೆಚ್ಚು. ಇಲಿಗಳು ಬಿಲದಿಂದ ಹೊರಬೀಳುವ ಹೊತ್ತೂ ಅದೇ ಆಗಿರುವುದು ಗಮನಿಸತಕ್ಕದ್ದು.

ಇದರ ಜೊತೆಯಲ್ಲಿ ಗೊಂದಲಕ್ಕೆ ಎಡೆಗೊಡುವ ಹಕ್ಕಿಗಳು ನಾಲ್ಕು. ಊರ ಮೇಲೆ ಸುತ್ತುವ ಸಾಮಾನ್ಯ ಹದ್ದು ಬಹಳ ದೊಡ್ಡದು, ಕಡುಕಂದು ಬಣ್ಣದ್ದು. ಅದರ ಬಾಲವು ನಡುವೆ ಕತ್ತರಿಸಿದಂತೆ ಕವಲೊಡೆದಿರುತ್ತದೆ. ಸಂತೆ, ಕಸಾಯಿಖಾನೆ, ತಿಪ್ಪೆಗಳೇ ಅದರ ಅನ್ನದ ಬಟ್ಟಲು. ಅಂಗಳದ ಕೋಳಿಮರಿಯನ್ನು ಎಗರಿಸುವುದರಲ್ಲಿ ಅದಕ್ಕೆ ಸಂಕೋಚವಿಲ್ಲ. ಗರುಡನು ಇಟ್ಟಿಗೆಗೆಂಪಿನ ಮೈಯೂ ಬಿಳಿಯ ತಲೆ ಮತ್ತು ಎದೆಯೂ ಉಳ್ಳದ್ದು. ಅದು ನೀರನ್ನು ಬಿಟ್ಟು ದೂರ ಹೋಗುವುದು ಕಡಿಮೆಯಾದ್ದರಿಂದ ಮದಗದ ಕೆರೆ, ಅಯ್ಯನಕೆರೆಗಳಂತಹ ಜಲಾಶಯಗಳ ಅಂಚಿನಲ್ಲಿ ಅದನ್ನು ಹುಡುಕಬೇಕು. ಜನರು ಅದನ್ನು ಕಂಡು ಕೈಮುಗಿಯುವುದರಿಂದ ಅದಕ್ಕೆ ಕವಣೆಯ ಭಯವಿಲ್ಲ. ಚಾಣವು ಕಪ್ಪು ಹೆಗಲಿನ ಹದ್ದಿನಂತೆಯೇ ಗಾಳಿಯಲ್ಲಿ ನಿಂತು ಬೇಟೆಯಾಡುವುದಾದರೂ ಅದರ ಬೆನ್ನು ಕೆಂಗಂದು, ಬಾಲ ಉದ್ದ. ಬಯಲುಸೀಮೆಗೆ ಅದು ಚಳಿಗಾಲದ ಅತಿಥಿಯಾಗಿ ಬರುವುದು. ಅದೂ ಇಲಿ ಮಿಡತೆಗಳನ್ನೇ ತಿನ್ನುವುದರಿಂದ ಈ ಎರಡನ್ನು ಅದಲುಬದಲಾಗಿ ತಿಳಿದರೂ ಬೇಸಾಯಗಾರನಿಗೆ ಹಾನಿಯಿಲ್ಲ.

ತಪ್ಪು ತಿಳಿವಳಿಕೆಗೆ ಹೆಚ್ಚಾಗಿ ಕಾರಣವಾಗುವುದು ನಾಲ್ಕನೆಯದಾದ ಬಿಜ್ಜು. ಇದಕ್ಕೂ ಬೆನ್ನು ಬೂದಿಬಣ್ಣ. ಗಾತ್ರವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಎದೆಯ ಮೇಲೆ ಕೆಂಗಂದಿನ ಅಡ್ಡಗೆರೆಗಳಿರುವುವು. ಬಾಲ ಉದ್ದವಾಗಿದ್ದು ಅದರಲ್ಲಿಯೂ ಕಪ್ಪು ಅಡ್ಡಪಟ್ಟೆಗಳು ಕಾಣುವುವು. ರೆಕ್ಕೆಗಳು ಗಿಡ್ಡವಾಗಿ ದುಂಡಗಿರುವುವು. ಹೆಗಲಿನ ಮೇಲೆ ಕಪ್ಪು ಇಲ್ಲ. ಬಿಜ್ಜು ಬಯಲಿನಲ್ಲಿ ಕುಳಿತುಕೊಳ್ಳದು. ಮಾವು, ಹುಣಿಸೆ, ತೆಂಗಿನ ತೋಪಿನ ಎಲೆಯ ಮರೆಯಲ್ಲಿ ಅಡಗಿದ್ದು, ಓತಿಕೇತ, ಅಳಿಲು, ಗುಬ್ಬಿಗಳ ಮೇಲೆ ಹಠಾತ್ತಾಗಿ ನುಗ್ಗುವುದು. ಸಮಯ ದೊರೆತರೆ ಎಳೆಯ ಕೋಳಿಮರಿಯನ್ನೂ ಬಿಡದು. ಹಾಗಿದ್ದರೂ ಅದನ್ನು ಕೊಲ್ಲುವುದು ಉಚಿತವೆಂದು ಯಾರೂ ಭಾವಿಸಬಾರದು. ಮರಿಗಳನ್ನು ಮೊದಲ ಕೆಲವು ವಾರ ಬುಟ್ಟಿಯ ಕೆಳಗೋ ಮುಳ್ಳಿನ ಚಪ್ಪರದ ಕೆಳಗೋ ಸಾಕಿದರೆ ಬಿಜ್ಜಿನ ಕಾಟವು ತಾನೇ ನಿಲ್ಲುವುದು. ಇಲ್ಲಿ ಹೇಳಬೇಕಾದದ್ದಿಷ್ಟೇ: ಮರೆಯಿಂದ ನುಗ್ಗಿ ಬಂದದ್ದು ಬಿಜ್ಜು, ಬಯಲಿನಲ್ಲಿ ನಿಂತು ನೆಲವನ್ನು ನೋಡುವುದು ಕಪ್ಪು ಹೆಗಲಿನ ಹದ್ದು. ಮನೆಯಂಗಳಕ್ಕೆ ಬಂದು ಕೋಳಿಮರಿ ಎತ್ತುವುದು ಈ ಎರಡನೆಯದರ ಸ್ವಭಾವವಲ್ಲ.

ಹೊಲದ ಇಲಿ, ಚಿಟ್ಟಿಲಿಗಳು ಇದರ ಮುಖ್ಯ ಆಹಾರ. ಮಿಡತೆ, ಜೀರುಂಡೆ, ಹಲ್ಲಿ ಓತಿಗಳನ್ನೂ, ಅಪರೂಪವಾಗಿ ಸಣ್ಣ ಹಕ್ಕಿಯನ್ನೂ ತಿನ್ನುವುದುಂಟು. ಕಾಲು ಕಿಲೋಗ್ರಾಂ ತೂಕದ ಹಕ್ಕಿಯು ತನ್ನಷ್ಟೇ ತೂಗುವ ಹೆಗ್ಗಣವನ್ನು ಎತ್ತಲಾರದು. ಆ ಕೆಲಸ ಗೂಬೆಗಳದು, ಹಾವುಗಳದು. ಇಲಿಗಳ ಕಾಟವನ್ನೆಲ್ಲ ಈ ಹಕ್ಕಿಯೊಂದೇ ಪರಿಹರಿಸುವುದೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಇಲಿಯು ಸುಮಾರು ಮೂರು ವಾರಗಳಲ್ಲಿ ಗರ್ಭ ಕಳೆದು ಒಂದೇ ಸೂಲಿಗೆ ಐದಾರು ಮರಿಗಳನ್ನು ಹಾಕುವ ಪ್ರಾಣಿ. ಮರಿಗಳು ಕೆಲವೇ ತಿಂಗಳಲ್ಲಿ ತಾವೂ ಮರಿ ಹಾಕುವುವು. ಆದರೆ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡತಕ್ಕದ್ದು. ಮುಂಗಾರಿನ ಆರಂಭದಲ್ಲಿ ಹೊಲದಲ್ಲಿ ಉಳಿದಿರುವ ಒಂದು ತಾಯಿ ಇಲಿಯನ್ನು ಹದ್ದು ಹಿಡಿದರೆ, ರಾಗಿ ತೆನೆ ಬಿಡುವ ಕಾಲಕ್ಕೆ ಹುಟ್ಟಿರಬೇಕಾದ ಒಂದು ಹಿಂಡೇ ಇಲ್ಲವಾಗುವುದು. ಬೇಟೆಯ ಹಕ್ಕಿಯ ಉಪಕಾರವು ಇಲಿಗಳು ಕಡಿಮೆಯಿರುವ ಕಾಲದಲ್ಲಿ ಹೆಚ್ಚಿನದು. ಕಟಾವಿನ ಹೊತ್ತಿಗೆ ಹೊಲ ತುಂಬ ಬಿಲಗಳಾದ ಮೇಲೆ ಹದ್ದನ್ನು ನೆನೆದು ಪ್ರಯೋಜನವಿಲ್ಲ.

ಈ ಹಕ್ಕಿಯು ಒಂದೇ ಊರಿಗೆ ಕಟ್ಟುಬಿದ್ದದ್ದಲ್ಲ. ಇಲಿಗಳು ಹೆಚ್ಚಿದ ಕಡೆಗೆ ಬಂದು ಸೇರುವುದು, ತಗ್ಗಿದರೆ ಬೇರೆ ಕಡೆಗೆ ತೆರಳುವುದು ಇದರ ಕ್ರಮ. ಆಹಾರ ಸಮೃದ್ಧವಾಗಿರುವ ಕಾಲದಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಾರಿ ಮರಿ ಮಾಡುವುದೂ ಉಂಟು. ಇದರಿಂದ ಜಮೀನುದಾರನಿಗೆ ಅಯಾಚಿತವಾಗಿ ಒಂದು ವರ್ತಮಾನ ದೊರೆಯುವುದು. ಒಂದು ಬಯಲಿನಲ್ಲಿ ಎಂದಿನಂತೆ ಒಂದು ಜೋಡಿ ಕಾಣುತ್ತಿದ್ದಲ್ಲಿ ನಾಲ್ಕಾರು ಹದ್ದುಗಳು ದಿನವೂ ರೆಕ್ಕೆ ಬಡಿಯುತ್ತ ನಿಲ್ಲತೊಡಗಿದರೆ, ಕೆಳಗೆ ಇಲಿಯ ಸಂತತಿಯು ಏರಿದೆಯೆಂದು ತಿಳಿದು ಆ ಹೊಲದ ಬದುಗಳನ್ನು ಕೂಡಲೆ ಪರೀಕ್ಷಿಸಬೇಕು. ಹೊಸದಾಗಿ ತೋಡಿದ ಮಣ್ಣು, ಬಿಲದ ಬಾಯಲ್ಲಿ ಬಿದ್ದ ಹಸಿರು ಎಲೆ, ಕಚ್ಚಿ ಬಿಟ್ಟ ಕಾಳು ಇವು ಕಾಣಬರುವುವು. ಪೈರು ಇನ್ನೂ ಎಳೆಯದಿರುವಾಗಲೇ ಬಿಲಗಳನ್ನು ಅಗೆದು ಬೋನು ಹಾಕಿದರೆ ಆಗುವ ಕೆಲಸವು, ರಾಗಿಯ ಮೆದೆ ಹಾಕಿದ ಮೇಲೆ ಹತ್ತರಷ್ಟು ಶ್ರಮಪಟ್ಟರೂ ಆಗದು. ಅಗತ್ಯಕ್ಕಿಂತ ಅಗಲವಾದ ಬದುಗಳು ಇಲಿಗಳಿಗೆ ಕಟ್ಟಿಕೊಟ್ಟ ಛತ್ರಗಳೇ ಸರಿ. ಅವುಗಳನ್ನು ಕಿರಿದು ಮಾಡುವುದೂ ಒಳ್ಳೆಯದು.

ಬೇಟೆಯ ಹಕ್ಕಿಗಳನ್ನು ಕೊಂದು ರೈತನಿಗೆ ಉಪಕಾರ ಮಾಡಹೊರಟವರ ಕಥೆಯೊಂದು ಅಮೆರಿಕಾ ದೇಶದಲ್ಲಿ ನಡೆದಿದೆ. ಅಲ್ಲಿನ ಪೆನ್ಸಿಲ್ವೇನಿಯಾ ಸಂಸ್ಥಾನದವರು ೧೮೮೫ರಲ್ಲಿ ಒಂದು ಕಾನೂನು ಮಾಡಿ, ಗಿಡುಗ, ಗೂಬೆ ಮತ್ತು ಕೆಲವು ಸಣ್ಣ ಬೇಟೆಮೃಗಗಳನ್ನು ಕೊಂದು ತಂದವರಿಗೆ ತಲೆಯೊಂದಕ್ಕೆ ಅರ್ಧ ಡಾಲರಿನಂತೆ ಇನಾಮು ಕೊಡತೊಡಗಿದರು. ಒಂದೂವರೆ ವರ್ಷದಲ್ಲಿ ಸುಮಾರು ೯೦,೦೦೦ ಡಾಲರು ಖರ್ಚಾಯಿತು. ಆಗ ಅಲ್ಲಿನ ಕೇಂದ್ರ ಸರ್ಕಾರದ ವ್ಯವಸಾಯ ಇಲಾಖೆಯಲ್ಲಿದ್ದ ಮೆರಿಯಮ್ ಎಂಬ ವಿದ್ವಾಂಸರು ಲೆಕ್ಕ ಹಾಕಿದರು. ವರ್ಷಕ್ಕೆ ೫,೦೦೦ ಕೋಳಿಮರಿಗಳು ಈ ಹಕ್ಕಿಗಳ ಪಾಲಾಗುವುದೆಂದೂ, ಒಂದಕ್ಕೆ ಕಾಲು ಡಾಲರು ಬೆಲೆಯೆಂದೂ ಒಪ್ಪಿಕೊಂಡರೂ, ಒಂದೂವರೆ ವರ್ಷದ ನಷ್ಟ ೧,೮೭೫ ಡಾಲರು. ಅಷ್ಟನ್ನು ಉಳಿಸಲು ೯೦,೦೦೦ ಡಾಲರು ಹೋಯಿತು. ಸತ್ತ ಹಕ್ಕಿಗಳು ತಿನ್ನಬೇಕಾಗಿದ್ದ ಇಲಿಗಳಿಂದಾದ ಬೆಳೆಯ ನಷ್ಟವು ಇದರ ಮೇಲೆ. ಕಾನೂನನ್ನು ಹಿಂತೆಗೆದುಕೊಂಡರು. ತರುವಾಯ ೧೮೯೩ರಲ್ಲಿ ಅದೇ ಇಲಾಖೆಯ ಫಿಷರ್ ಎಂಬವರು ಸುಮಾರು ೨,೭೦೦ ಗಿಡುಗ ಗೂಬೆಗಳ ಜಠರಗಳನ್ನು ಸೀಳಿ ಪರೀಕ್ಷಿಸಿ, ಆ ದೇಶದ ಬಹುಪಾಲು ಬಗೆಗಳು ರೈತನಿಗೆ ಹಿತಕಾರಿಗಳೆಂದೂ ಕೆಡುಕು ಮಾಡುವವು ಬೆರಳೆಣಿಕೆಯಷ್ಟೆಂದೂ ಪ್ರಕಟಪಡಿಸಿದರು. ಬೊಕ್ಕಸದ ಹಣ ವೆಚ್ಚ ಮಾಡಿ ಕಲಿತ ಈ ಪಾಠವನ್ನು ನಮ್ಮ ಹಳ್ಳಿಗಳು ಪುಕ್ಕಟೆಯಾಗಿ ಕಲಿಯಬಹುದು.

ಕವಣೆಯ ಕಲ್ಲಿಗಿಂತ ಹೆಚ್ಚಿನ ಅಪಾಯವು ಈಗ ವಿಷದಿಂದ ಒದಗಿದೆ. ಇಲಿಗಳಿಗೆ ಇಡುವ ಬ್ರೋಮಾಡಿಯೊಲೋನ್ ಎಂಬ ಔಷಧವು ರಕ್ತವು ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವಂತಹದು. ಅದನ್ನು ತಿಂದ ಇಲಿ ಒಡನೆಯೇ ಸಾಯದು. ಕೆಲವು ದಿನಗಳವರೆಗೆ ನಿಶ್ಶಕ್ತವಾಗಿ ಬಯಲಿನಲ್ಲಿ ತೂರಾಡುತ್ತಿರುವುದು. ಓಡಲಾರದ ಇಲಿಯು ಹದ್ದಿಗೂ ಗೂಬೆಗೂ ಸುಲಭವಾದ ತುತ್ತು. ವಿಷವು ಇಲಿಯ ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ, ಉಳಿದಿರುವುದರಿಂದ ತಿಂದ ಹಕ್ಕಿಯ ಮೈಗೂ ಸೇರುವುದು. ಸತುವಿನ ಫಾಸ್ಫೈಡ್ ಎಂಬ ಕಪ್ಪು ಪುಡಿಯು ಬೇಗ ಕೊಲ್ಲುವುದು. ಮಾಂಸದಲ್ಲಿ ಅಷ್ಟಾಗಿ ನಿಲ್ಲದು. ಆದರೆ ಅದನ್ನು ಬೆರೆಸಿದ ಕಾಳನ್ನು ನವಿಲು, ಪಾರಿವಾಳ, ಮನೆಯ ಕೋಳಿ ಯಾವುದು ತಿಂದರೂ ಸಾಯುವುದು. ಆದ್ದರಿಂದ ಯಾವ ವಿಷವನ್ನೇ ಆಗಲಿ ಹೊಲದಲ್ಲಿ ಚೆಲ್ಲಕೂಡದು. ಹಿಂದಿನ ದಿನ ಬಿಲಗಳ ಬಾಯನ್ನು ಮಣ್ಣಿನಿಂದ ಮುಚ್ಚಿ, ಮರುದಿನ ತೆರೆದಿರುವ ಬಿಲಗಳಲ್ಲಿ ಮಾತ್ರ ಒಳಕ್ಕೆ ಇಟ್ಟು ಮತ್ತೆ ಮುಚ್ಚಬೇಕು. ಮುಂದಿನ ದಿನಗಳಲ್ಲಿ ಬೆಳಗಾಗುತ್ತಲೇ ಹೊಲವನ್ನು ಸುತ್ತಿ, ಸತ್ತ ಇಲಿಗಳನ್ನು ಆಳವಾಗಿ ಹೂಳಿಸಬೇಕು. ಕೂಲಿಯವರ ಮೇಲೆ ಬಿಟ್ಟು ಯಜಮಾನನು ಮನೆಯಲ್ಲಿ ಕುಳಿತರೆ ಈ ಕೊನೆಯ ಕೆಲಸವು ಎಂದಿಗೂ ನಡೆಯದೆಂಬುದು ಅನುಭವಸಿದ್ಧವಾದ ಮಾತು.

ಮಿಡತೆಗೆಂದು ಹೊಡೆಯುವ ಔಷಧವೂ ನಿರಪಾಯವಲ್ಲ. ದಕ್ಷಿಣ ಅಮೆರಿಕಾದ ಅರ್ಜೆಂಟೀನಾದಲ್ಲಿ ೧೯೯೫–೯೬ರ ಬೇಸಗೆಯಲ್ಲಿ ಮಿಡತೆಗಳನ್ನು ಕೊಲ್ಲಲು ಮೊನೊಕ್ರೊಟೊಫಾಸ್ ಸಿಂಪಡಿಸಿದ ಹೊಲಗಳಲ್ಲಿ, ಅದೇ ಮಿಡತೆಗಳನ್ನು ತಿನ್ನಲು ಉತ್ತರದಿಂದ ವಲಸೆ ಬಂದಿದ್ದ ಗಿಡುಗಗಳು ಸಾವಿರಗಟ್ಟಲೆ ಸತ್ತು ಬಿದ್ದುವು. ಕೆಲಸಕ್ಕೆ ತಾನಾಗಿ ಬಂದ ಆಳನ್ನು ಕೆಲಸದ ಸ್ಥಳದಲ್ಲಿಯೇ ಕೊಂದಂತಾಯಿತು.

ಹದ್ದನ್ನು ಹೊಲಕ್ಕೆ ಕರೆಯುವುದಕ್ಕೆ ಖರ್ಚಿನ ಏರ್ಪಾಡು ಬೇಕಿಲ್ಲ. ನೋಡುವುದಕ್ಕೆ ಎತ್ತರದ ಆಸರೆಯೊಂದು ಅದಕ್ಕೆ ಬೇಕು. ಮರಗಳಿಲ್ಲದ ಬಯಲುಹೊಲದಲ್ಲಿ ಪೈರಿಗಿಂತ ನಾಲ್ಕೈದು ಅಡಿ ಎತ್ತರವಾಗುವಂತೆ ಬಿದಿರಿನ ಗಳುಗಳನ್ನು ನೆಟ್ಟು, ತುದಿಗೆ ಒಂದು ಅಡ್ಡ ಕೋಲನ್ನು ಭದ್ರವಾಗಿ ಕಟ್ಟಿದರೆ ಸಾಕು. ಎಕರೆಗೆ ನಾಲ್ಕೈದು ಗಳು ಹಿಡಿಸುವುವು. ಹಗಲು ಹದ್ದೂ ಕಾಜಾಣವೂ, ರಾತ್ರಿ ಗೂಬೆಯೂ ಅದೇ ಕೋಲಿನ ಮೇಲೆ ಕೂರುವುವು. ರಾಗಿ, ಜೋಳಗಳು ಹಾಲುಗಾಳಿನ ಹಂತಕ್ಕೆ ಬಂದಾಗ ಕಾಳು ತಿನ್ನುವ ಹಕ್ಕಿಗಳೂ ಆ ಕೋಲುಗಳಿಗೆ ಬರಬಹುದಾದ್ದರಿಂದ ಆಗ ಅವನ್ನು ತೆಗೆದು, ಕಟಾವಾದ ಮೇಲೆ ಕಣದ ಹತ್ತಿರ ನೆಡುವುದು ಲೇಸು.

ಕಾವಲುಗಳ ವಿಷಯವನ್ನೂ ಇಲ್ಲಿ ಹೇಳತಕ್ಕದ್ದಾಗಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳು ಈ ಭಾಗದಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಅಜ್ಜಂಪುರದ ದನದ ತಳಿ ಕೇಂದ್ರವು ಹೆಸರಾದದ್ದು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಸರ್ಕಾರವು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಕೃಷ್ಣಮೃಗಗಳಿಗೆ ಅದು ಹೆಸರುವಾಸಿ. ಇಂತಹ ಹುಲ್ಲುಗಾವಲನ್ನು ‘ಬೀಳು’ ಎಂದು ಕರೆದು, ಏನೂ ಬೆಳೆಯದ ನೆಲವೆಂದು ಹೀನೈಸುವುದು ವಾಡಿಕೆಯಾಗಿದೆ. ಆದರೆ ಹೊಲದ ಇಲಿಯನ್ನು ಹಿಡಿಯುವ ಹದ್ದು ಕಾವಲಿನ ಅಂಚಿನ ಮರದಲ್ಲಿ ಗೂಡು ಕಟ್ಟುವುದು. ಚಳಿಗಾಲದಲ್ಲಿ ಮಧ್ಯ ಏಷ್ಯದ ಬಯಲುಗಳಿಂದ ಬರುವ ಸೆಳೆವ ಎಂಬ ಗಿಡುಗಗಳು ಹಗಲೆಲ್ಲ ಹೊಲಗಳ ಮೇಲೆ ತಗ್ಗಾಗಿ ಹಾರಿ ಮಿಡತೆ ಇಲಿಗಳನ್ನು ಹಿಡಿದು, ರಾತ್ರಿ ಹುಲ್ಲಿನ ನಡುವೆ ನೆಲದ ಮೇಲೆಯೇ ತಂಗುವುವು. ಹುಲ್ಲಿಗೆ ಬೆಂಕಿ ಹಚ್ಚಿದರೆ ಅವಕ್ಕೆ ತಂಗುವ ಸ್ಥಳವಿಲ್ಲ; ಹುಲ್ಲನ್ನು ಮುಚ್ಚುವಂತೆ ದಟ್ಟವಾಗಿ ನೀಲಗಿರಿ ಬೆಳೆಸಿದರೂ ಹಾಗೆಯೇ. ಸಲೀಂ ಅಲಿಯವರು ೧೯೩೯–೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದಾಗ ಈ ನಾಡಿನಲ್ಲಿ ಇದ್ದ ಬಯಲುಗಳ ವಿಸ್ತಾರವು ಈಗ ಇಲ್ಲ. ಉಳಿದದ್ದನ್ನು ಕಾಯುವುದು ಬಹುಮಟ್ಟಿಗೆ ಸುತ್ತಲಿನ ಗ್ರಾಮಗಳ ಕೈಯಲ್ಲಿದೆ.

ಎಲ್ಲ ಬಗೆಯ ಹದ್ದು ಗಿಡುಗಗಳನ್ನು ಕೊಲ್ಲುವುದೂ ಹಿಡಿಯುವುದೂ ಅವುಗಳ ಮೊಟ್ಟೆ ಗೂಡುಗಳನ್ನು ಕೆಡಿಸುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಶಿಕ್ಷಾರ್ಹವಾದ ಅಪರಾಧವೆಂಬುದನ್ನು ಮುಖಂಡರು ಗ್ರಾಮಸಭೆಯಲ್ಲಿ ತಿಳಿಯಪಡಿಸಬೇಕು. ಕಾಯಿದೆಯ ಹೆಸರು ಹೇಳಿ ಹೆದರಿಸುವುದಕ್ಕಿಂತ, ಶಾಲೆಯ ಹುಡುಗರನ್ನು ಒಂದು ಸಂಜೆ ಹೊಲದ ಅಂಚಿಗೆ ಕರೆದುಕೊಂಡು ಹೋಗಿ ಹದ್ದು ಗಾಳಿಯಲ್ಲಿ ನಿಂತು ಇಲಿ ಹಿಡಿಯುವುದನ್ನು ತೋರಿಸುವುದು ಹೆಚ್ಚು ಫಲಕಾರಿಯಾಗುವುದು.

ಗೂಡನ್ನು ಗುರುತಿಸುವುದು ಸ್ವಲ್ಪ ಕಷ್ಟ. ಕಾಗೆಯ ಗೂಡಿನಂತೆಯೇ ಒಣಕಡ್ಡಿಗಳನ್ನು ಸಡಿಲವಾಗಿ ಒಟ್ಟಿ ಮಾಡಿದ ತಟ್ಟೆ ಅದು. ಜಾಲಿಯಂತಹ, ಬಹಳ ಎತ್ತರವಲ್ಲದ ಮರದ ನೆತ್ತಿಯ ಹತ್ತಿರ ಇರುವುದು. ದಕ್ಷಿಣ ದೇಶದಲ್ಲಿ ಗೂಡು ಕಟ್ಟುವುದಕ್ಕೆ ಇದೇ ಋತುವೆಂಬ ನಿಯಮವಿಲ್ಲ. ಕೆನೆಬಣ್ಣದ ಮೇಲೆ ಕಂದು ಕಲೆಗಳುಳ್ಳ ಮೂರು ನಾಲ್ಕು ಮೊಟ್ಟೆಗಳನ್ನಿಡುವುದು. ಕಾವು ಕೂರುವ ಕೆಲಸ ಬಹುಪಾಲು ಹೆಣ್ಣಿನದು. ಗಂಡು ಬೇಟೆಯಾಡಿ ತಂದು ಕೊಡುವುದು. ಗಂಡು ಹಕ್ಕಿಯು ಇಲಿಯನ್ನು ಹಿಡಿದು, ತಿನ್ನದೆ, ಮತ್ತೆ ಮತ್ತೆ ಒಂದೇ ಮರದ ಕಡೆಗೆ ಒಯ್ಯುವುದು ಕಂಡರೆ ಅಲ್ಲಿ ಗೂಡಿದೆಯೆಂದು ನಿಶ್ಚಯಿಸಬಹುದು. ಮೊಟ್ಟೆಯೊಡೆಯಲು ಸುಮಾರು ನಾಲ್ಕು ವಾರ, ಮರಿಗಳು ಹಾರಲು ಸುಮಾರು ಐದು ವಾರ ಹಿಡಿಯುವುದು. ಆಮೇಲೂ ಕೆಲವು ದಿನ ತಂದೆ ತಾಯಿಗಳಿಂದ ಆಹಾರ ಪಡೆಯುತ್ತ ಆ ಮರದ ಆಸುಪಾಸಿನಲ್ಲಿಯೇ ಇರುವುವು. ಸೌದೆಗಾಗಲಿ ಬೇಲಿಗಾಗಲಿ ಬದುವಿನ ಜಾಲಿಯನ್ನು ಕಡಿಸುವ ಜಮೀನುದಾರನು ಮೊದಲು ಅದರ ನೆತ್ತಿಯನ್ನು ಒಮ್ಮೆ ನೋಡಿ, ಗೂಡು ಇದ್ದಲ್ಲಿ ಆ ಒಂದು ಮರವನ್ನು ಎರಡೂವರೆ ತಿಂಗಳ ಮಟ್ಟಿಗೆ ಬಿಟ್ಟು, ಉಳಿದವನ್ನು ಕಡಿಸಬಹುದು.